ಸಾವಿರ ಗುಂಡು ಹೊಡೆದರೂ ಇಳಿಯದ ಬಲೂನು

1998ರ ಆಗಸ್ಟ್. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಿಂದ ಓಝೋನ್ ಅಧ್ಯಯನಕ್ಕೆ ಅಂತ ಒಂದು ದೊಡ್ಡ ಬಲೂನು ಹಾರಿಸಿದರು. ಕೆಲಸ ಮುಗಿದ ಮೇಲೆ ಅದು ಕೆಳಗೆ ಬರಬೇಕಿತ್ತು, ಬರಲಿಲ್ಲ. ಗಾಳಿ ಎಳೆದ ಕಡೆ ತೇಲುತ್ತಾ ದೇಶವನ್ನೇ ದಾಟಿ ಅಟ್ಲಾಂಟಿಕ್ ಸಾಗರದ ಕಡೆ ಹೊರಟಿತು. ವಿಮಾನಗಳ ದಾರಿಗೆ ಅಡ್ಡವಾಯಿತು. ಕೆನಡಾದ ವಾಯುಪಡೆ ಸಿಎಫ್-18 ಯುದ್ಧವಿಮಾನಗಳನ್ನು ಕಳಿಸಿತು. ಸಾವಿರಕ್ಕೂ ಹೆಚ್ಚು ಗುಂಡು ಹೊಡೆದರು. ಬಲೂನು ತನ್ನ ಪಾಡಿಗೆ ತಾನು ತೇಲುತ್ತಲೇ ಇತ್ತು. ಕೊನೆಗೆ ಸಾಗರ ದಾಟಿ, ಫಿನ್ಲೆಂಡಿಗೆ ಸೇರಿದ ಓಲಾಂಡ್ ದ್ವೀಪಗಳಲ್ಲಿ ಬಿತ್ತು.

ಗುಂಡು ಬಿದ್ದರೂ ಬಲೂನು ಯಾಕೆ ಒಡೆಯಲಿಲ್ಲ? ಮಕ್ಕಳ ಬಲೂನಿಗೆ ಸೂಜಿ ಚುಚ್ಚಿದರೆ ಢಬ್ ಅನ್ನುತ್ತೆ. ಅಲ್ಲಿ ರಬ್ಬರ್ ಬಿಗಿಯಾಗಿ ಎಳೆದುಕೊಂಡಿರುತ್ತೆ, ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಇರುತ್ತೆ. ಇಂಥ ದೊಡ್ಡ ಪಾಲಿಥೀನ್ ಬಲೂನಿನ ಕಥೆ ಬೇರೆ. ಅದರ ಕೆಳಬಾಯಿ ತೆರೆದೇ ಇರುತ್ತೆ. ಒಳಗಿನ ಒತ್ತಡ, ಹೊರಗಿನ ಒತ್ತಡ ಹೆಚ್ಚುಕಡಿಮೆ ಒಂದೇ. ಸಣ್ಣ ತೂತು ಬಿದ್ದರೆ ಹೀಲಿಯಂ ನುಗ್ಗಿ ಹೊರಗೆ ಬರುವುದಿಲ್ಲ, ನಿಧಾನಕ್ಕೆ ಸೋರುತ್ತೆ. ಗೋಣಿಚೀಲದಷ್ಟು ಸಡಿಲವಾದ ಲಕ್ಷಾಂತರ ಘನ ಮೀಟರ್‌ನ ಚೀಲಕ್ಕೆ ಬೆರಳು ಗಾತ್ರದ ತೂತುಗಳು ಲೆಕ್ಕಕ್ಕೇ ಇಲ್ಲ.

ಈಗ ಎಲ್ಲೆಡೆ ಮರುಬಳಕೆಯ ಮಾತು. ರಾಕೆಟ್ಟೇ ವಾಪಸ್ ಬಂದು ನೆಟ್ಟಗೆ ನಿಲ್ಲುತ್ತೆ, ಬಲೂನಿಗೇನು ಕಷ್ಟ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ರಾಕೆಟ್ಟಿಗೆ ಎಂಜಿನ್ ಇದೆ, ಗಟ್ಟಿ ಮೈ ಇದೆ. ಬಲೂನಿಗೆ ಎರಡೂ ಇಲ್ಲ. ಹಾಗಾಗಿ 'ಬಲೂನನ್ನು ಮತ್ತೆ ಬಳಸಬಹುದಾ' ಅನ್ನೋ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು ಒಂದಿದೆ: ಅದು ಯಾವಾಗ, ಎಲ್ಲಿ ಇಳಿಯಬೇಕು ಅನ್ನೋದು ಯಾರ ಕೈಯಲ್ಲಿದೆ? ಕೆನಡಾದ ಬಲೂನಿನ ವಿಷಯದಲ್ಲಿ ಅದು ಯಾರ ಕೈಯಲ್ಲೂ ಇರಲಿಲ್ಲ.

ಹಾಳೆಯ ಆಸೆ ಬಿಡಿ

ಮೊದಲು ಬಲೂನಿನ ಮೈಯನ್ನೇ ನೋಡೋಣ. ವಿಜ್ಞಾನದ ದೊಡ್ಡ ಬಲೂನುಗಳ ಪಾಲಿಥೀನ್ ಹಾಳೆಯ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಐವತ್ತನೇ ಒಂದು ಭಾಗ. ಒಂದು ಚದರ ಮೀಟರ್ ಹಾಳೆ 18-19 ಗ್ರಾಂ ತೂಗುತ್ತೆ. ನಾವು ಬರೆಯುವ, ಪ್ರಿಂಟ್ ತೆಗೆಯುವ ಕಾಗದ ಅದರ ನಾಲ್ಕು ಪಟ್ಟು ಭಾರ. ಇಂಥ ಹಾಳೆಗಳನ್ನು ಬಿಸಿಯಿಂದ ಬೆಸೆದು ಮಾಡಿದ ಬಲೂನು ಪೂರ್ತಿ ಹಿಗ್ಗಿದಾಗ ಅಡ್ಡಳತೆ 140 ಮೀಟರ್‌ವರೆಗೂ ಹೋಗುತ್ತೆ, ಒಳಗೆ ಹತ್ತು ಲಕ್ಷ ಘನ ಮೀಟರ್‌ಗೂ ಹೆಚ್ಚು ಜಾಗ. ನೆಲದ ಮೇಲೆ ನೋಡಿದರೆ ಮಾತ್ರ ತಲೆಯಲ್ಲಿ ಸಣ್ಣದೊಂದು ಗುಳ್ಳೆ, ಕೆಳಗೆ ಉದ್ದಕ್ಕೂ ಜೋತುಬಿದ್ದ ಖಾಲಿ ಹಾಳೆ. 30 ಕಿಮೀ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ನೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುವುದರಿಂದ ಅದೇ ಗುಳ್ಳೆ ಹತ್ತಾರು ಪಟ್ಟು ಹಿಗ್ಗಿ ಚೀಲ ತುಂಬುತ್ತೆ.

ಇದು ಎಷ್ಟು ನಾಜೂಕು ಅಂತ ತಿಳಿಯಲು ಬಲೂನುಗಳಿಂದ ಇಂಟರ್ನೆಟ್ ಕೊಡಲು ಹೊರಟಿದ್ದ ಗೂಗಲ್‌ನ ಲೂನ್ ಯೋಜನೆಯ ಒಂದು ಸಂಗತಿ ಸಾಕು. ಬಲೂನುಗಳು ಸೋರುತ್ತಿದ್ದವು. ಕಾರಣ ಹುಡುಕುತ್ತಾ ಹೋದವರು ಕೊನೆಗೆ ಕೆಲಸಗಾರರ ಕಾಲುಚೀಲಕ್ಕೂ ಬಂದು ನಿಂತರು! ಬಲೂನು ತಯಾರಿಸುವಾಗ ಹಾಳೆಯ ಮೇಲೆ ನಡೆಯಬೇಕಾಗುತ್ತಿತ್ತು. ಮೆತ್ತನೆಯ ಕಾಲುಚೀಲ ಹಾಕಿಕೊಂಡು ನಡೆದರೆ ಸೋರುವ ತೂತು ಕಡಿಮೆ ಅಂತ ಗೊತ್ತಾಯಿತು. ಕಾಲುಚೀಲದ ಉಜ್ಜಾಟಕ್ಕೇ ಸೋಲುವ ವಸ್ತು ಮುಳ್ಳಿನ ಪೊದೆ, ತಂತಿಬೇಲಿ, ಕಲ್ಲುಗಳ ಮೇಲೆ ಬಿದ್ದು ಎದ್ದು ಮತ್ತೆ ಹಾರುತ್ತಾ?

ಹಾರುವುದಿರಲಿ, ಒಮ್ಮೆ ಗ್ಯಾಸ್ ತುಂಬಿದರೆ ಅಲ್ಲಿಗೆ ಮುಗಿಯಿತು. 2012ರಲ್ಲಿ ಫೆಲಿಕ್ಸ್ ಬೌಮ್‌ಗಾರ್ಟ್ನರ್ 39 ಕಿಮೀ ಎತ್ತರದಿಂದ ಜಿಗಿದದ್ದು ನೆನಪಿರಬಹುದು. ಅದು ಅಕ್ಟೋಬರ್ 14. ಅದಕ್ಕೆ ಐದು ದಿನ ಮೊದಲು ಒಂದು ಪ್ರಯತ್ನ ಗಾಳಿಯ ಹೊಡೆತಕ್ಕೆ ನಿಂತುಹೋಗಿತ್ತು. ಆ ಬಲೂನು ನೆಲ ಬಿಟ್ಟಿರಲೇ ಇಲ್ಲ. ಆದರೂ ಎಸೆಯಬೇಕಾಯಿತು, ಬದಲಿ ಬಲೂನು ತರಬೇಕಾಯಿತು. ಹವಾಮಾನ ಇಲಾಖೆಗಳು ಬಿಡುವ ಲೇಟೆಕ್ಸ್ ಬಲೂನುಗಳದ್ದು ಇನ್ನೂ ಸರಳ. ಅವು 30 ಕಿಮೀ ದಾಟಿದ ಮೇಲೆ ಹಿಗ್ಗಿ ಹಿಗ್ಗಿ ಚೂರುಚೂರಾಗಿಬಿಡುತ್ತವೆ.

ಹಾಳೆಯ 'ಮರುಬಳಕೆ' ಚೆನ್ನಾಗಿ ನಡೆದ ಒಂದು ಉದಾಹರಣೆ ನನಗೆ ಗೊತ್ತು. 1935ರಲ್ಲಿ ಇಬ್ಬರನ್ನು 22 ಕಿಮೀ ಎತ್ತರಕ್ಕೆ ಒಯ್ದ ಎಕ್ಸ್‌ಪ್ಲೋರರ್-2 ಬಲೂನಿನ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಸದಸ್ಯರಿಗೆ ಪುಸ್ತಕದ ಪುಟಗುರುತಾಗಿ ಹಂಚಿದರು.

ಆದ್ದರಿಂದ ಮರುಬಳಕೆ ಅಂದರೆ ಕೆಳಗೆ ತೂಗುವ ಪೆಟ್ಟಿಗೆಯದ್ದು. ಕ್ಯಾಮೆರಾ, ದೂರದರ್ಶಕ, ಬ್ಯಾಟರಿ, ಕಂಪ್ಯೂಟರ್, ಪ್ಯಾರಾಚೂಟ್. ದುಡ್ಡೂ ಅಲ್ಲೇ ಇರುವುದು, ವರ್ಷಗಟ್ಟಲೆಯ ದುಡಿಮೆಯೂ ಅಲ್ಲೇ.

ಬಿಡಿಸಿಕೊಳ್ಳುವ ಕ್ಷಣ

ದೊಡ್ಡ ಬಲೂನುಗಳಲ್ಲಿ ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಮೇಲೆ ಬಲೂನು, ಅದರ ಕೆಳಗೆ ಉದ್ದಕ್ಕೆ ಎಳೆದು ಕಟ್ಟಿದ ಪ್ಯಾರಾಚೂಟ್, ಅದರ ಕೆಳಗೆ ಪೆಟ್ಟಿಗೆ. ಪ್ಯಾರಾಚೂಟ್ ಚೀಲದೊಳಗೆ ಮಡಚಿಟ್ಟಿರುವುದಿಲ್ಲ. ಮೊದಲಿಂದಲೂ ಸರಪಳಿಯ ಒಂದು ಕೊಂಡಿಯ ಹಾಗೆ ತೂಗುತ್ತಿರುತ್ತೆ, ಹಾಗಾಗಿ ಬಿಚ್ಚಿಕೊಳ್ಳದೇ ಹೋಗುವ ಭಯ ಕಡಿಮೆ. ನೆಲದಿಂದ ರೇಡಿಯೋ ಆದೇಶ ಹೋದಾಗ ಸಣ್ಣದೊಂದು ಸಿಡಿಮದ್ದು ಪ್ಯಾರಾಚೂಟ್ ಮತ್ತು ಬಲೂನಿನ ನಡುವಿನ ಕೊಂಡಿಯನ್ನು ಕತ್ತರಿಸುತ್ತೆ. ಬೀಳುವ ಪೆಟ್ಟಿಗೆಯ ತೂಕವೇ ಒಂದು ಹಗ್ಗವನ್ನು ಎಳೆದು ಬಲೂನಿನ ಮೈಯನ್ನು ಉದ್ದಕ್ಕೆ ಸೀಳುತ್ತೆ. ಗುಂಡಿನಿಂದ ಆಗದ ಕೆಲಸವನ್ನು ಒಂದು ಹಗ್ಗ ಮಾಡುತ್ತೆ, ಯಾಕೆಂದರೆ ಅದು ತೂತು ಮಾಡುವುದಿಲ್ಲ, ಸೀಳುತ್ತೆ.

ಭಾರವಾದ ಬಲೂನುಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಇದೆ. ಪೆಟ್ಟಿಗೆಯನ್ನು ಇಳಿಸಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ವ್ಯವಸ್ಥೆ ಇರಬೇಕು. ತೆರೆದ ಬಾಯಿಯ ಪಾಲಿಥೀನ್ ಬಲೂನಾದರೆ, ಅದರ ಮೈಯನ್ನು ಕೆಡವಲೂ ಎರಡು ದಾರಿ ಬೇಕು. 'ಸಂಬಂಧವಿಲ್ಲದ' ಅನ್ನೋ ಮಾತು ಮುಖ್ಯ. ಎರಡು ಕತ್ತರಿಗೆ ಒಂದೇ ಬ್ಯಾಟರಿ ಕೊಟ್ಟರೆ ಅದು ಎರಡಲ್ಲ, ಒಂದೇ.

ಸಣ್ಣ ಬಲೂನು ಹಾರಿಸುವವರು ಸಿಡಿಮದ್ದಿನ ಬದಲು ನೈಕ್ರೋಮ್ ತಂತಿ ಬಳಸುತ್ತಾರೆ. ನೈಲಾನ್ ದಾರಕ್ಕೆ ನಾಲ್ಕು ಸುತ್ತು ಸುತ್ತಿ ಕರೆಂಟ್ ಹರಿಸಿದರೆ ತಂತಿ ಕೆಂಪಗೆ ಕಾದು ದಾರ ಕರಗುತ್ತೆ. ಮೇಜಿನ ಮೇಲೆ ಪ್ರತಿ ಸಲ ಕೆಲಸ ಮಾಡುತ್ತೆ. ಮೇಲೆ ಮೈನಸ್ 50 ಡಿಗ್ರಿ ಚಳಿಯಲ್ಲಿ ಸಾಮಾನ್ಯ ಬ್ಯಾಟರಿ ಬೇಕಾದಷ್ಟು ಕರೆಂಟ್ ಕೊಡಲಾರದು, ತಂತಿ ಬೆಚ್ಚಗಾಗಿ ಸುಮ್ನೆ ಕೂರುತ್ತೆ. ಅದಕ್ಕೇ ಚಳಿ ತಡೆಯುವ ಲಿಥಿಯಂ ಸೆಲ್ ಹಾಕುವುದು. ಜಿಪಿಎಸ್‌ದೂ ಇಂಥದ್ದೇ ಕಥೆ. ಎಷ್ಟೋ ಜಿಪಿಎಸ್ ಚಿಪ್‌ಗಳು 18 ಕಿಮೀ ದಾಟಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಕ್ಷಿಪಣಿಗಳಲ್ಲಿ ಬಳಸಬಾರದು ಅಂತ ಹಾಕಿದ ಮಿತಿ ಅದು. ಎತ್ತರದಲ್ಲೂ ಕೆಲಸ ಮಾಡುವ ಚಿಪ್ ಆರಿಸಿ, ಅದನ್ನು ಸರಿಯಾದ ಮೋಡ್‌ಗೆ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಪೆಟ್ಟಿಗೆ ಅತಿ ಎತ್ತರದಲ್ಲಿರುವ ಹೊತ್ತಿಗೇ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಮುಕ್ಕಾಲು ಗಂಟೆಯ ಲೆಕ್ಕ

ಪ್ಯಾರಾಚೂಟ್ ಇದ್ದರೆ ಆಯಿತಲ್ವಾ? ಇಲ್ಲೊಂದು ಲೆಕ್ಕ ಮಾಡಿ ನೋಡಿ.

ನೆಲಕ್ಕೆ ತಾಗುವಾಗ ಸೆಕೆಂಡಿಗೆ 5 ಮೀಟರ್ ವೇಗ ಇರಲಿ ಅಂತ ಪ್ಯಾರಾಚೂಟ್ ಆರಿಸಿದಿರಿ. ಒಂದೂಕಾಲು ಮೀಟರ್ ಎತ್ತರದಿಂದ ಕೈಬಿಟ್ಟರೆ ಬರುವ ವೇಗ ಅದು, ಪೆಟ್ಟಿಗೆ ತಡೆದುಕೊಳ್ಳುತ್ತೆ. ಆದರೆ ಬೀಳುವ ವೇಗ ಗಾಳಿಯ ಸಾಂದ್ರತೆಯ ವರ್ಗಮೂಲದ ಪ್ರಕಾರ ಬದಲಾಗುತ್ತೆ. 30 ಕಿಮೀ ಎತ್ತರದಲ್ಲಿ ಗಾಳಿ ಸುಮಾರು 68 ಪಟ್ಟು ತೆಳು. ಅದೇ ಪ್ಯಾರಾಚೂಟ್ ಅಲ್ಲಿ ಸೆಕೆಂಡಿಗೆ 40 ಮೀಟರ್‌ಗೂ ಜಾಸ್ತಿ ವೇಗದಲ್ಲಿ ಬೀಳುತ್ತೆ. ಕತ್ತರಿಸಿದ ಮೊದಲ ಕೆಲವು ಸೆಕೆಂಡು ಪ್ಯಾರಾಚೂಟಿಗೆ ಹಿಡಿಯಲು ಗಾಳಿಯೇ ಸಿಗುವುದಿಲ್ಲ. ಆಮೇಲೆ ಸಿಕ್ಕಾಗ ಜಗ್ಗುತ್ತೆ. ನಾಸಾದ ಬಲೂನುಗಳಲ್ಲಿ ಹಾರುವ ಉಪಕರಣದ ಚೌಕಟ್ಟು ತನ್ನ ತೂಕದ ಹತ್ತು ಪಟ್ಟು ಜಗ್ಗಾಟ ತಡೆಯಬೇಕು ಅನ್ನೋದು ಇದಕ್ಕೇ.

30 ಕಿಮೀಯಿಂದ ನೆಲ ಮುಟ್ಟಲು ಹೀಗೆ ಒಟ್ಟು ಸುಮಾರು 45 ನಿಮಿಷ ಬೇಕು. ಅದರಲ್ಲಿ ಸುಮಾರು 26 ನಿಮಿಷ ಕೊನೆಯ 10 ಕಿಮೀಗೇ ಹೋಗುತ್ತೆ. ಕಷ್ಟ ಇರುವುದು ಅಲ್ಲೇ. 9-12 ಕಿಮೀ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಗಂಟೆಗೆ 100 ಕಿಮೀ ಮೀರಿ ಬೀಸುತ್ತಿರುತ್ತೆ, ವಿಮಾನಗಳು ಓಡಾಡುವುದೂ ಅದೇ ಪಟ್ಟಿಯಲ್ಲಿ. ಪ್ಯಾರಾಚೂಟ್ ದೊಡ್ಡದಾದಷ್ಟೂ ಇಳಿಯುವುದು ಮೆತ್ತಗೆ ನಿಜ, ಆದರೆ ಪೆಟ್ಟಿಗೆ ಅಷ್ಟೂ ದೂರ ಹಾರಿಹೋಗುತ್ತೆ. ನಿಧಾನವೇ ಸುರಕ್ಷಿತ ಅನ್ನೋದು ನೆಲ ಮುಟ್ಟುವ ಒಂದು ಕ್ಷಣಕ್ಕೆ ಮಾತ್ರ ನಿಜ. ಅದಕ್ಕೆ ಮೊದಲು ನಿಧಾನವೇ ಅಪಾಯ.

ನನಗೆ ಒಪ್ಪಿಗೆಯಾಗುವ ವಿನ್ಯಾಸ ಎರಡು ಹಂತದ್ದು. ಮೊದಲು ಸಣ್ಣ ಪ್ಯಾರಾಚೂಟ್, ಪೆಟ್ಟಿಗೆ ತಿರುಗದೆ ನೆಟ್ಟಗೆ ಬೀಳುವಷ್ಟಕ್ಕೆ. ಅದು ನೆಲಮಟ್ಟದಲ್ಲಿ ಸೆಕೆಂಡಿಗೆ 20 ಮೀಟರ್ ಬೀಳುವಂಥದ್ದಾದರೆ 30ರಿಂದ 3 ಕಿಮೀವರೆಗಿನ ದಾರಿ ಸುಮಾರು ಒಂಬತ್ತು ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ದೊಡ್ಡದು ಬಿಚ್ಚಿಕೊಳ್ಳಲಿ, ಇನ್ನೊಂದು ಒಂಬತ್ತು ನಿಮಿಷ. 45 ನಿಮಿಷದ ತೇಲಾಟ ಸುಮಾರು 18ಕ್ಕೆ ಇಳಿಯಿತು. ಬೇಕಿದ್ದರೆ ಎರಡನೆಯದು ಗುಂಡಗಿನ ಪ್ಯಾರಾಚೂಟಿನ ಬದಲು ದಿಕ್ಕು ತಿರುಗಿಸಬಹುದಾದ ಪ್ಯಾರಾಫಾಯಿಲ್ ಇರಲಿ. ಅದನ್ನು ಜೆಟ್ ಸ್ಟ್ರೀಮ್ ಮೇಲೇ ಬಿಚ್ಚಿ ಪ್ರಯೋಜನವಿಲ್ಲ. ಅದರ ವೇಗಕ್ಕಿಂತ ಗಾಳಿಯ ವೇಗ ಜಾಸ್ತಿಯಾದಾಗ ಎತ್ತ ತಿರುಗಿಸಿದರೂ ಹೋಗುವುದು ಗಾಳಿಯ ಕಡೆಗೇ.

ಇದಕ್ಕೆ ಕೊಡುವ ಬೆಲೆಯೂ ಸಣ್ಣದಲ್ಲ. ತಾನಾಗಿ ತೂಗುತ್ತಿದ್ದ ಪ್ಯಾರಾಚೂಟಿನ ಜಾಗದಲ್ಲಿ, ಸರಿಯಾದ ಹೊತ್ತಿಗೆ ಬಿಚ್ಚಲೇಬೇಕಾದ ಒಂದು ಯಂತ್ರ ಬಂತು. ಅದು ಬಿಚ್ಚದಿದ್ದರೆ ಪೆಟ್ಟಿಗೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಯಾರದೋ ಮನೆಯ ಮಾಡಿನ ಮೇಲೆ. ಹಾಗಾಗಿ ಕೆಲವೇ ನೂರು ಗ್ರಾಂ ಪೆಟ್ಟಿಗೆಗೆ ಇದು ಅತಿಯಾಯಿತು. ಹತ್ತಾರು ಕಿಲೋದ ಪೆಟ್ಟಿಗೆಗೆ, ಬಿಚ್ಚಲು ಎರಡು ಬೇರೆ ಬೇರೆ ವ್ಯವಸ್ಥೆ ಇಟ್ಟು ಮಾಡುವುದಾದರೆ ಸರಿ.

ವಿಮಾನದ ಮಾತು ಬರೀ ಊಹೆಯಲ್ಲ. 2025ರ ಅಕ್ಟೋಬರ್ 16ರಂದು ಅಮೆರಿಕದ ಯೂಟಾ ರಾಜ್ಯದ ಮೇಲೆ 36,000 ಅಡಿ ಎತ್ತರದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 1093 ನಂಬರಿನ ವಿಮಾನದ ಮುಂಗಾಜಿಗೆ ವಿಂಡ್‌ಬೋರ್ನ್ ಕಂಪನಿಯ ಹವಾಮಾನ ಬಲೂನು ಡಿಕ್ಕಿ ಹೊಡೆಯಿತು. ಗಾಜಿನ ಚೂರು ಸಿಡಿದು ಪೈಲಟ್‌ಗೆ ಗಾಯವಾಯಿತು, ವಿಮಾನ ಸಾಲ್ಟ್ ಲೇಕ್ ಸಿಟಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಬಲೂನಿನ ಒಟ್ಟು ತೂಕ 1.1 ಕಿಲೋ ಅಷ್ಟೆ, ನಿಯಮದ ಮಿತಿಯೊಳಗೇ ಇತ್ತು. ಆಮೇಲೆ ಕಂಪನಿ ಮಾಡಿದ ಮೊದಲ ಬದಲಾವಣೆಗಳಲ್ಲಿ ಒಂದು, ತನ್ನ ಬಲೂನುಗಳು 30,000-40,000 ಅಡಿ ನಡುವೆ ಕಳೆಯುವ ಸಮಯ ಕಡಿಮೆ ಮಾಡಿದ್ದು. ಇಳಿಯುವ ವೇಗದ ಲೆಕ್ಕ ಈಗ ಬರೀ ಪೆಟ್ಟಿಗೆ ಉಳಿಸುವ ಲೆಕ್ಕವಲ್ಲ.

ಕತ್ತರಿಸದೆ ಇಳಿಸಲು ಆಗಲ್ವಾ?

ಆಗುತ್ತೆ. ಬಲೂನಿನ ತಲೆಯಲ್ಲಿರುವ ವಾಲ್ವ್ ತೆರೆದು ಗ್ಯಾಸ್ ಬಿಟ್ಟರೆ ಇಡೀ ಬಲೂನು ಮೆಲ್ಲಗೆ ಇಳಿಯುತ್ತೆ. ಮನುಷ್ಯರು ಮೊದಮೊದಲು ಹಾಗೇ ಇಳಿದದ್ದು. ಆದರೆ ಹಳೆಯ ಅನುಭವಗಳು ಗಾಬರಿ ಹುಟ್ಟಿಸುತ್ತವೆ. 1931ರ ಮೇ 27ರಂದು ಭೌತವಿಜ್ಞಾನಿ ಓಗ್ಯುಸ್ತ್ ಪಿಕಾರ್ ತಮ್ಮ ಜೊತೆಗಾರನೊಂದಿಗೆ ಸುಮಾರು 15.8 ಕಿಮೀ ಮೇಲೇರಿದರು. ವಾಲ್ವ್ ಎಳೆಯುವ ಹಗ್ಗ ಸಿಕ್ಕಿಹಾಕಿಕೊಂಡಿತು. ಮಾಡಲು ಏನೂ ಇಲ್ಲದೆ ಬಲೂನಿಗೆ ತೂಗಿದ್ದ ಮುಚ್ಚಿದ ಗೋಳದೊಳಗೆ ಸಂಜೆಯವರೆಗೂ ಕಾದರು. ಬಿಸಿಲು ಇಳಿದು ಗ್ಯಾಸ್ ತಣ್ಣಗಾದ ಮೇಲೆ ಬಲೂನು ತಾನೇ ಕೆಳಗೆ ಬಂದು ಆಸ್ಟ್ರಿಯಾದ ಹಿಮನದಿಯೊಂದರ ಮೇಲೆ ಕೂತಿತು. ಅವರನ್ನು ಇಳಿಸಿದ್ದು ಸೂರ್ಯ.

1934ರ ಜನವರಿ 30ರಂದು ಸೋವಿಯತ್‌ನ ಒಸೋಅವಿಯಾಖಿಮ್-1 ಬಲೂನಿಗೆ ಅದೇ ಸೂರ್ಯ ಮುಳುವಾದ. ಬಿಸಿಲಿಗೆ ಹಿಗ್ಗಿದ ಗ್ಯಾಸ್ ಜಾಸ್ತಿ ಹೊರಹೋಗಿತ್ತು. 22 ಕಿಮೀಯಿಂದ ಇಳಿಯುವಾಗ ಎತ್ತಿಹಿಡಿಯುವ ಬಲ ಸಾಲಲಿಲ್ಲ. ವೇಗ ಏರುತ್ತಾ ಹೋಗಿ, ಜನ ಕೂತಿದ್ದ ಗೊಂಡೊಲಾ ಕಿತ್ತುಕೊಂಡು ಬಿತ್ತು, ಮೂವರೂ ಸತ್ತರು. ಬಲೂನು ಒಮ್ಮೆ ಇಳಿಯಲು ಶುರುಮಾಡಿದರೆ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಲು ಮರಳಿನಂಥ ತೂಕ ಚೆಲ್ಲಬೇಕು, ಚೆಲ್ಲಲು ಕೊನೆಯವರೆಗೂ ಒಂದಷ್ಟು ಉಳಿದಿರಬೇಕು.

ಈ ಎರಡು ಕಷ್ಟಕ್ಕೂ ಲೂನ್ ಒಂದು ಜಾಣ ಉತ್ತರ ಕೊಟ್ಟಿತು. ಬಲೂನಿನೊಳಗೆ ಇನ್ನೊಂದು ಚೀಲ, ಅದಕ್ಕೆ ಹೊರಗಿನ ಗಾಳಿ ತುಂಬುವ ಪಂಪ್. ಗಾಳಿ ತುಂಬಿದರೆ ಭಾರವಾಗಿ ಇಳಿಯುತ್ತೆ, ಬಿಟ್ಟರೆ ಏರುತ್ತೆ. ಹೀಲಿಯಂ ಒಂದಿಷ್ಟೂ ಖರ್ಚಾಗುವುದಿಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುವುದರಿಂದ, ಎತ್ತರ ಬದಲಿಸಿದರೆ ದಿಕ್ಕೂ ಬದಲಾಯಿತು. ಹೀಗೆ ಒಂದು ಬಲೂನು 312 ದಿನ ಮೇಲಿತ್ತು. 2021ರಲ್ಲಿ ಯೋಜನೆ ಮುಚ್ಚಿಹೋಯಿತು, ತಂತ್ರಜ್ಞಾನ ಸೋತಿದ್ದಕ್ಕಲ್ಲ, ವ್ಯಾಪಾರ ಗಿಟ್ಟಲಿಲ್ಲ. ನನ್ನ ಪ್ರಕಾರ ಮರುಬಳಕೆಗೆ ಅತಿ ಹತ್ತಿರ ಬಂದ ವಿನ್ಯಾಸ ಅದು. ಇಳಿಸುವ ಜಾಗ ಸರಿಯಿಲ್ಲವಾ? ಇನ್ನೊಂದು ವಾರ ತೇಲಲಿ, ಜನವಿಲ್ಲದ ಜಾಗದ ಮೇಲೆ ಬಂದಾಗ ಇಳಿಸೋಣ ಅನ್ನುವ ಅನುಕೂಲ ಇತ್ತು.

ನೆಲ ಮುಟ್ಟಿದ ಮೇಲೆ

ಎಲ್ಲ ಸರಿಯಾಗಿ ಆಯಿತು, ಪೆಟ್ಟಿಗೆ ಮೆತ್ತಗೆ ನೆಲ ಮುಟ್ಟಿತು ಅಂದುಕೊಳ್ಳಿ. ಚೌಕಟ್ಟಿನ ಕೆಳಗೆ ಜೇನುಗೂಡಿನ ಹಾಗೆ ಮಾಡಿದ ರಟ್ಟಿನ ದಿಮ್ಮಿಗಳಿರುತ್ತವೆ. ಅವು ಅಪ್ಪಚ್ಚಿಯಾಗಿ ಹೊಡೆತ ನುಂಗುತ್ತವೆ. ಅಗ್ಗ, ಹಗುರ, ಮುಂದಿನ ಸಲಕ್ಕೆ ಹೊಸದು ಹಾಕಿದರಾಯಿತು. ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ತಪ್ಪು. ನಿಜವಾದ ಹಾನಿ ಬಹಳ ಸಲ ಇಲ್ಲಿಂದಾಚೆಗೇ ಆಗುವುದು.

ಅಂಟಾರ್ಕ್ಟಿಕಾದಲ್ಲಿ 2006ರ ಡಿಸೆಂಬರ್‌ನಲ್ಲಿ ಹಾರಿದ ಬ್ಲಾಸ್ಟ್ ಅನ್ನೋ ದೂರದರ್ಶಕ 11 ದಿನ ಚೆನ್ನಾಗಿ ಕೆಲಸ ಮಾಡಿತು. ಇಳಿಯಿತು ಕೂಡ. ಆದರೆ ಪ್ಯಾರಾಚೂಟ್ ಕಳಚಿಕೊಳ್ಳಲಿಲ್ಲ. ಗಾಳಿ ತುಂಬಿದ ಪ್ಯಾರಾಚೂಟ್ ಹಾಯಿಯ ಹಾಗೆ ಎಳೆಯುತ್ತಾ ಒಂದಿಡೀ ದಿನ, ಸುಮಾರು 200 ಕಿಮೀ ದೂರ ಆ ದೂರದರ್ಶಕವನ್ನು ಮಂಜಿನ ಮೇಲೆ ದರದರ ಎಳೆದುಕೊಂಡು ಹೋಯಿತು. ಕೊನೆಗೆ ಅದು ಮಂಜಿನ ಬಿರುಕಿಗೆ ಸೇರಿತು. ದಾರಿಯಲ್ಲಿ ಕಿತ್ತುಬಿದ್ದಿದ್ದ ಪೆಟ್ಟಿಗೆಯಲ್ಲಿ ಹಾರ್ಡ್‌ಡಿಸ್ಕ್‌ಗಳು ಸಿಕ್ಕಿದವು, ಮಾಹಿತಿ ಉಳಿಯಿತು.

ನೆಲ ಮುಟ್ಟಿದ ತಕ್ಷಣ ಪ್ಯಾರಾಚೂಟನ್ನು ಬಿಡುವ ಕೊಂಡಿ ಮಾಡುವುದು ಕೇಳಲು ಸುಲಭ. ಭಾರ ತಗ್ಗಿದರೆ ಬಿಡು ಅಂತ ಹೇಳಿದರಾಯಿತಲ್ಲ? ಆದರೆ ಮೇಲೆ ಬಲೂನಿನಿಂದ ಕತ್ತರಿಸಿದ ಕ್ಷಣದಲ್ಲೂ ಭಾರ ಪೂರ್ತಿ ತಗ್ಗುತ್ತೆ! ಕೊಂಡಿ ಆಗಲೇ ಬಿಟ್ಟರೆ ಪೆಟ್ಟಿಗೆ 30 ಕಿಮೀಯಿಂದ ಕಲ್ಲಿನ ಹಾಗೆ ಬೀಳುತ್ತೆ. ಬೇಗ ಬಿಡಲೂಬಾರದು, ಬಿಡದೆ ಇರಲೂಬಾರದು. ಎತ್ತರ, ಸಮಯ, ಭಾರ ಮೂರನ್ನೂ ನೋಡಿ ನಿರ್ಧರಿಸುವ ಕೊಂಡಿ ಬೇಕು. 2023ರಲ್ಲಿ ನ್ಯೂಜಿಲೆಂಡ್‌ನ ವನಾಕಾದಿಂದ ಹೊರಟ ಸೂಪರ್‌ಬಿಟ್ ದೂರದರ್ಶಕ 39 ದಿನ ಭೂಮಿಯ ದಕ್ಷಿಣ ಭಾಗವನ್ನು ಸುತ್ತಿ ಅರ್ಜೆಂಟೀನಾದಲ್ಲಿ ಇಳಿದಾಗಲೂ ಇದೇ ಆಯಿತು. ಪ್ಯಾರಾಚೂಟ್ ಎಳೆದಾಡಿ ದೂರದರ್ಶಕ ಹಾಳಾಯಿತು. ಎರಡು ಘಟನೆಯ ನಡುವೆ 16 ವರ್ಷ ಕಳೆದಿದೆ, ಕೊಂಡಿ ಇನ್ನೂ ಕೈಕೊಡುತ್ತಿದೆ.

ನೀರಿಗೆ ಇಳಿಸಿದರೆ ಎಳೆದಾಟ, ಕಲ್ಲುಮುಳ್ಳು ಇಲ್ಲ ಅನ್ನುವವರಿದ್ದಾರೆ. ಅದರಲ್ಲೂ ಸೊಗಸಿಲ್ಲ. 1961ರ ಮೇ 4ರಂದು ಅಮೆರಿಕದ ನೌಕಾಪಡೆಯ ಮಾಲ್ಕಂ ರಾಸ್, ವಿಕ್ಟರ್ ಪ್ರಾಥರ್ 34.7 ಕಿಮೀ ಏರಿ ದಾಖಲೆ ಮಾಡಿ ಮೆಕ್ಸಿಕೋ ಕೊಲ್ಲಿಯಲ್ಲಿ ಸುರಕ್ಷಿತವಾಗಿ ಇಳಿದರು. ಹೆಲಿಕಾಪ್ಟರ್ ಮೇಲೆತ್ತುವಾಗ ಪ್ರಾಥರ್ ಜಾರಿ ನೀರಿಗೆ ಬಿದ್ದರು. ಉಸಿರಾಡಲು ಹೆಲ್ಮೆಟ್ಟಿನ ಮುಂಭಾಗ ತೆರೆದಿತ್ತು, ಸೂಟಿನೊಳಗೆ ನೀರು ತುಂಬಿ ಮುಳುಗಿದರು. ಹಾರಾಟ ಮುಗಿದಿತ್ತು, ವಾಪಸಾತಿ ಮುಗಿದಿರಲಿಲ್ಲ.

ಸೂಪರ್‌ಬಿಟ್ ತಂಡ ಮಾಡಿದ ಒಂದು ಕೆಲಸ ಮಾತ್ರ ನನಗೆ ತುಂಬಾ ಹಿಡಿಸಿತು. ದೂರದರ್ಶಕ ಉಳಿಯುತ್ತೋ ಇಲ್ಲವೋ, ಫೋಟೋಗಳಾದರೂ ಉಳಿಯಲಿ ಅಂತ ಸಣ್ಣ ಪೆಟ್ಟಿಗೆಗಳಲ್ಲಿ 200 ಜಿಬಿಗೂ ಹೆಚ್ಚು ಮಾಹಿತಿಯ ನಕಲು ತುಂಬಿ, ಇಳಿಸುವ ಮೊದಲೇ ಪುಟ್ಟ ಪ್ಯಾರಾಚೂಟ್ ಕಟ್ಟಿ ಬಿಟ್ಟಿದ್ದರು. ಎರಡು ಸಿಕ್ಕಿದವು. ದೊಡ್ಡ ಪೆಟ್ಟಿಗೆಯ ಜೊತೆ ಎಲ್ಲವನ್ನೂ ಪಣಕ್ಕಿಡಬೇಕಾಗಿಲ್ಲ ಅನ್ನೋ ಯೋಚನೆ ಅದು.

ಇನ್ನು ಹುಡುಕುವುದು. ನೆಲ ಮುಟ್ಟಿದ ಮೇಲೆ ರೇಡಿಯೋ ಸಿಗ್ನಲ್ ಗುಡ್ಡದಾಚೆಗೆ ಕೇಳುವುದಿಲ್ಲ. ಕೊನೆಯ ಸಲ ಕೇಳಿದಾಗ ಪೆಟ್ಟಿಗೆ ಇನ್ನೂ ಕೆಲವು ನೂರು ಮೀಟರ್ ಮೇಲಿರುತ್ತೆ, ಅಲ್ಲಿಂದ ಊಹಿಸಿ ಹುಡುಕಬೇಕು. ಉಪಗ್ರಹದ ಮೂಲಕ ಸ್ಥಳ ಹೇಳುವ ಇನ್ನೊಂದು ಸಾಧನ ಜೊತೆಗಿದ್ದರೆ ಕೆಲಸ ಅರ್ಧ ಕಡಿಮೆ. ಆದರೂ ಕೊನೆಗೆ ಪೆಟ್ಟಿಗೆ ಸಿಗುವುದು ಯಾರೋ ಅಪರಿಚಿತರ ಕೈಗೆ. ಅಮೆರಿಕದ ಹವಾಮಾನ ಸೇವೆ ವರ್ಷಕ್ಕೆ ಸುಮಾರು 75,000 ರೇಡಿಯೋಸಾಂಡ್, ಅಂದರೆ ಹವಾಮಾನ ಅಳೆದು ರೇಡಿಯೋದಲ್ಲಿ ತಿಳಿಸುವ ಪುಟ್ಟ ಪೆಟ್ಟಿಗೆಗಳನ್ನು ಹಾರಿಸುತ್ತಿತ್ತು. ವಾಪಸ್ ಕಳಿಸಲು ಅಂಚೆಚೀಲ, ಸೂಚನೆ ಎಲ್ಲ ಜೊತೆಗಿಟ್ಟರೂ ಮರಳಿ ಬಂದದ್ದು ಶೇಕಡಾ 20ಕ್ಕಿಂತ ಕಡಿಮೆ. ಬಂದವನ್ನು ರಿಪೇರಿ ಮಾಡಿ ಮತ್ತೆ ಹಾರಿಸುತ್ತಿದ್ದರು. ಹೊಲದಲ್ಲಿ ಬಿದ್ದ, ದಾರ ಸುತ್ತಿಕೊಂಡ, ಗುರುತು ಸಿಗದ ಪೆಟ್ಟಿಗೆ ನೋಡಿದರೆ ಯಾರಿಗಾದರೂ ಭಯವೇ. 'ಇದರಿಂದ ಅಪಾಯವಿಲ್ಲ, ಈ ನಂಬರಿಗೆ ಫೋನ್ ಮಾಡಿ' ಅಂತ ಆ ಕಡೆಯವರ ಭಾಷೆಯಲ್ಲಿ, ಮಳೆಗೆ ಅಳಿಸದ ಶಾಯಿಯಲ್ಲಿ, ಪೆಟ್ಟಿಗೆಯ ಆರೂ ಮುಖಕ್ಕೆ ಬರೆದು ಅಂಟಿಸಿ. ಯಾವ ಮುಖ ಮೇಲಾಗಿ ಬೀಳುತ್ತೋ ಹೇಳಲಾಗದು.